ನೂರು ವರ್ಷದ ಗ್ರಂಥಾಲಯ: ಬೆಂಕಿಯ ಭಯ, ಮೂರು ಮೆಟ್ಟಿಲುಗಳ ತೊಡಕು

ಪ್ರಶ್ನೆ: ನಮ್ಮೂರಿನ ಸಾರ್ವಜನಿಕ ಗ್ರಂಥಾಲಯದ ಕಟ್ಟಡಕ್ಕೆ ನೂರು ವರ್ಷ ದಾಟಿದೆ. ಸುಣ್ಣದ ಗಾರೆಯ ಗೋಡೆ, ಸಾಗುವಾನಿ ತೊಲೆಗಳ ಮೇಲೆ ಮದ್ರಾಸ್ ತಾರಸಿ (ಇಟ್ಟಿಗೆ, ಸುಣ್ಣದ ಗಾರೆಯ ಹಳೆಯ ಕಾಲದ ಚಾವಣಿ), ಮಹಡಿಯ ವಾಚನಾಲಯಕ್ಕೆ ಮರದ ಮೆಟ್ಟಿಲು, ಮುಂಬಾಗಿಲಿಗೆ ಕಲ್ಲಿನ ಮೂರು ಮೆಟ್ಟಿಲು ಇವೆ. ಈಗ ದುರಸ್ತಿಗೆ ಹಣ ಮಂಜೂರಾಗಿದೆ. ಬೆಂಕಿಗೆ ಹೆದರಿ ತೊಲೆಗಳನ್ನು ತೆಗೆದು ಉಕ್ಕಿನ ಗರ್ಡರ್ ಹಾಕಬೇಕೆಂದು ಕೆಲವರೂ, ಗಾಲಿಕುರ್ಚಿಗೆ ಇಳಿಜಾರು ದಾರಿ ಕಟ್ಟಿದರೆ ಅಂದ ಕೆಡುತ್ತದೆಂದು ಇನ್ನು ಕೆಲವರೂ ಹೇಳುತ್ತಿದ್ದಾರೆ. ಯಾವುದು ಸರಿ?
— ಸಮಿತಿಯ ಸದಸ್ಯರೊಬ್ಬರು

ಉತ್ತರ: ತೊಲೆಗಳನ್ನು ದಯವಿಟ್ಟು ತೆಗೆಸಬೇಡಿ. ದಪ್ಪನೆಯ ಸಾಗುವಾನಿ ತೊಲೆ ಹೊರಮೈಯಲ್ಲಿ ಇದ್ದಿಲಾಗುತ್ತಾ ಹೋದರೂ ಒಳಗಿನ ತಿರುಳು ಬಹಳ ಹೊತ್ತು ಭಾರ ಹೊರುತ್ತದೆ. ಉಕ್ಕು ಉರಿಯುವುದಿಲ್ಲವಾದರೂ, ಮೇಲೆ ರಕ್ಷಣೆಯ ಲೇಪವಿಲ್ಲದ ಗರ್ಡರ್ ಸುಮಾರು 550 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತನ್ನ ಬಲದ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಂಡು ಬಾಗತೊಡಗುತ್ತದೆ. ಮೈಸೂರಿನ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಸುಟ್ಟುಹೋದ ಮೇಲೆ, ಹೆನ್ರಿ ಇರ್ವಿನ್ ಅವರು ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣದ ಕಂಬಗಳನ್ನು ಬಳಸಿ ಹೊಸ ಅರಮನೆಯನ್ನು ವಿನ್ಯಾಸಗೊಳಿಸಿದರು; ಅದು 1912ರಲ್ಲಿ ಪೂರ್ಣಗೊಂಡಿತು. ಆದರೆ ಅಲ್ಲಿ ಸುಟ್ಟುಹೋದದ್ದರ ಬದಲು ಅರಮನೆಯನ್ನೇ ಹೊಸದಾಗಿ ಕಟ್ಟಲಾಯಿತು. ನಿಮ್ಮಲ್ಲಿ ಗಟ್ಟಿಯಾಗಿ ನಿಂತಿರುವ ಕಟ್ಟಡವೇ ಇದೆ.

ನಿಮ್ಮ ಕಟ್ಟಡದಲ್ಲಿ ಬೆಂಕಿ ಹೊತ್ತಿಕೊಳ್ಳಬಹುದಾದ ಜಾಗಗಳನ್ನು ಮೊದಲು ನೋಡಿ. ಹಳೆಯ ಗ್ರಂಥಾಲಯಗಳಲ್ಲಿ ಮರದ ಮೆಟ್ಟಿಲಿನ ಕೆಳಗಿನ ಸಂದಿಯಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಒಟ್ಟಿರುತ್ತಾರೆ, ಅದರ ಪಕ್ಕದ ಗೋಡೆಯಲ್ಲೇ ವಿದ್ಯುತ್ ಬೋರ್ಡ್ ಇರುತ್ತದೆ. ಮಹಡಿಯಲ್ಲಿರುವವರಿಗೆ ಇಳಿಯಲು ಅದೊಂದೇ ದಾರಿ. ಮಂಜೂರಾದ ಹಣದ ಮೊದಲ ಕಂತು ಹೊಸ ವೈರಿಂಗ್‌ಗೆ, ಹೊಗೆ ಪತ್ತೆ ಮಾಡುವ ಎಚ್ಚರಿಕೆ ಗಂಟೆಗೆ ಹಾಗೂ ಆ ಸಂದಿಯನ್ನು ಶಾಶ್ವತವಾಗಿ ಬರಿದು ಮಾಡುವುದಕ್ಕೆ ಹೋಗಲಿ. ಸೀಲಿಂಗ್ ಮರೆಮಾಡಲು ತೆಳು ಪ್ಲೈವುಡ್ ಹೊಡೆಸಿದ್ದರೆ ಅದನ್ನೂ ಕಿತ್ತುಹಾಕಿಸಿ. ಅದರ ಮೇಲಿನ ಟೊಳ್ಳಿನಲ್ಲಿ ಬೆಂಕಿ ಯಾರ ಕಣ್ಣಿಗೂ ಬೀಳದೆ ಹರಡುತ್ತದೆ.

ಇಳಿಜಾರು ದಾರಿ ಅಂದದ ಪ್ರಶ್ನೆಯಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಅಂಗವಿಕಲರೂ ಬಳಸುವಂತೆ ಮಾಡಲು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕೊಟ್ಟ ಐದು ವರ್ಷಗಳ ಗಡುವು, ಅದರ ನಿಯಮಗಳು ಹೊರಬಂದ 2017ರಿಂದ ಲೆಕ್ಕವಾಗಿ, 2022ರಲ್ಲೇ ಮುಗಿದಿದೆ. ಅಲ್ಲದೆ ಗಾಲಿಕುರ್ಚಿ ಒಳಗೆ ಬರುವ ದಾರಿಯೇ ಬೆಂಕಿ ಬಿದ್ದಾಗ ಅದು ಹೊರಗೆ ಹೋಗಬೇಕಾದ ದಾರಿ. ಆದ್ದರಿಂದ ನಿಮ್ಮ ಸಮಿತಿಯ ಎರಡು ವಾದಗಳೂ ಒಂದೇ ವಿಷಯಕ್ಕೆ ಸೇರಿದವು. ಮೆಟ್ಟಿಲೊಂದು 15 ಸೆಂಟಿಮೀಟರ್ ಎಂದುಕೊಂಡರೆ ಮೂರು ಮೆಟ್ಟಿಲಿಗೆ 45 ಸೆಂಟಿಮೀಟರ್ ಎತ್ತರವಾಗುತ್ತದೆ. 12ಕ್ಕೆ 1ರ ಇಳಿಜಾರಿನಂತೆ, ಅಂದರೆ ಎತ್ತರದ ಹನ್ನೆರಡು ಪಟ್ಟು ಉದ್ದದಂತೆ, 5.4 ಮೀಟರ್ ಉದ್ದ ಬೇಕು, ಮೇಲೂ ಕೆಳಗೂ ಕುರ್ಚಿ ತಿರುಗಿಸಲು ಸಮತಟ್ಟಾದ ಜಾಗ ಬೇರೆ. ಪಕ್ಕದ ಜಗಲಿಯ ಬಾಗಿಲಿಗೆ ಅದನ್ನು ಜೋಡಿಸಿದರೆ ಮುಂಭಾಗದ ಕಲ್ಲಿನ ಮೆಟ್ಟಿಲುಗಳನ್ನು ಮುಟ್ಟಬೇಕಾಗಿಲ್ಲ, ಆದರೆ ಆ ಬಾಗಿಲು ಎಲ್ಲ ಓದುಗರಿಗೂ ತೆರೆದಿರಬೇಕು. ಅಂಗವಿಕಲರನ್ನು ಹಿತ್ತಿಲ ಬಾಗಿಲಿಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಸಿಮೆಂಟನ್ನು ಹಳೆಯ ಗೋಡೆಗೆ ತಾಗಿಸಿ ಹಾಕಿದರೆ ಸುಣ್ಣದ ಗೋಡೆಯೊಳಗೆ ತೇವ ನಿಲ್ಲುತ್ತದೆ. ಹಾಗಾಗಿ ನಡುವೆ ಸಂದು ಬಿಟ್ಟು, ಮುಂದೊಂದು ದಿನ ಗೋಡೆಗೆ ಗಾಯವಾಗದಂತೆ ಬಿಚ್ಚಿ ತೆಗೆಯಬಹುದಾದ ರೀತಿಯಲ್ಲಿ ಕಟ್ಟಿಸಿ.

ಬಾಗಿಲನ್ನೂ ಅಳೆದು ನೋಡಿ. ಹಳೆಯ ಜೋಡಿ ಬಾಗಿಲಿನ ಒಂದೇ ರೆಕ್ಕೆ ತೆರೆದರೆ ಸಿಗುವುದು ಸಾಮಾನ್ಯವಾಗಿ ಎರಡು ಅಡಿ ಮಾತ್ರ, ಗಾಲಿಕುರ್ಚಿಗೆ ಬೇಕಾದದ್ದು 90 ಸೆಂಟಿಮೀಟರ್. ಗ್ರಂಥಾಲಯ ತೆರೆದಿರುವಷ್ಟು ಹೊತ್ತೂ ಎರಡೂ ರೆಕ್ಕೆಗಳನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿಡಲು ಹೇಳಿ, ಖರ್ಚಿಲ್ಲದೆ ಅರ್ಧ ಸಮಸ್ಯೆ ಕಳೆಯುತ್ತದೆ.

ಇನ್ನು ಮಹಡಿ. ಲಿಫ್ಟ್‌ಗಾಗಿ ತಾರಸಿ ಒಡೆಯುವ ಬದಲು ವಾಚನಾಲಯವನ್ನು ಕೆಳಗಿಳಿಸಿ, ಕಚೇರಿಯನ್ನು ಮೇಲಕ್ಕೆ ಕಳಿಸಿ. ಬೆಂಕಿ ಬಿದ್ದಾಗ ಲಿಫ್ಟ್ ಬಳಸಬಾರದು, ಆಗ ಮಹಡಿಯಲ್ಲಿ ಕುಳಿತ ಗಾಲಿಕುರ್ಚಿಯ ಓದುಗರನ್ನು ಯಾರಾದರೂ ಎತ್ತಿಕೊಂಡೇ ಇಳಿಸಬೇಕಾಗುತ್ತದೆ. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಪಡೆದ ಮೇಲೆಯೇ ಕೆಲಸ ಆರಂಭಿಸಿ, ನಕ್ಷೆ ಅಂತಿಮಗೊಳಿಸುವ ಮೊದಲು ಗಾಲಿಕುರ್ಚಿ ಬಳಸುವ ನಿಮ್ಮೂರಿನ ಓದುಗರೊಬ್ಬರನ್ನೂ ಅಗ್ನಿಶಾಮಕ ಠಾಣೆಯ ಅಧಿಕಾರಿಯೊಬ್ಬರನ್ನೂ ಒಂದೇ ದಿನ ಕರೆಸಿ, ಇಬ್ಬರ ಜೊತೆಗೂ ಗೇಟಿನಿಂದ ಪುಸ್ತಕದ ಕಪಾಟಿನವರೆಗೆ ಹೋಗಿ ಬನ್ನಿ.