ಹೊಸ ಸ್ಪೀಕರ್ ಹಾಕಿಸಿದರೂ ಕಾರಿನಲ್ಲಿ ಹಾಡು ಯಾಕೆ ಚೆನ್ನಾಗಿ ಕೇಳಿಸಲ್ಲ?

ಸ್ಪೀಕರ್‌ಗೆ ಬೈಯುವ ಮುಂಚೆ ಬಾಗಿಲಿಗೆ ಒಂದು ಗುದ್ದು ಕೊಟ್ಟು ನೋಡಿ. ಎಣ್ಣೆ ಡಬ್ಬದ ಹಾಗೆ ಸದ್ದು ಬಂತಾ? ರೋಗ ಅಲ್ಲೇ ಇದೆ. ತೆಳು ತಗಡು ತಾನೂ ನಡುಗುತ್ತದೆ. ಸ್ಪೀಕರ್ ಹಿಂಬದಿಯ ಸದ್ದು ಬಾಗಿಲಿನ ತೂತುಗಳಿಂದ ನುಸುಳಿ ಮುಂಬದಿಯ ಸದ್ದನ್ನು ತಿಂದುಹಾಕುತ್ತದೆ. ಬೇಸ್, ಅಂದರೆ ಹಾಡಿನ ತಗ್ಗಿನ ಸದ್ದು, ಮಾಯವಾಗುವುದು ಹೀಗೆ. ಒಳಗೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ (ತಗಡಿನ ನಡುಕ ತಡೆಯುವ ರಬ್ಬರ್ ಹಾಳೆ) ಅಂಟಿಸಿ, ತೂತು ಮುಚ್ಚಿಸಿ. ಅಗ್ಗದ ಡಾಂಬರು ಶೀಟ್ ಬೇಡ, ನಮ್ಮ ರಾಯಚೂರಿನ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ. ವಾಸನೆ ಬೇರೆ!

ಇನ್ನೊಂದು, ನಮ್ಮಲ್ಲಿ ಡ್ರೈವರ್ ಕೂರುವುದು ಬಲಕ್ಕೆ. ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತದೆ. ಎಡ ಸ್ಪೀಕರ್ 70 ಸೆಂ.ಮೀ. ಜಾಸ್ತಿ ದೂರವಿದ್ದರೆ 2 ಮಿಲಿಸೆಕೆಂಡ್ ತಡ. ಅಷ್ಟಕ್ಕೇ ಹಾಡುಗಾರ ಬಲ ಕಿಟಕಿಗೆ ಒರಗಿ ಹಾಡಿದಂತೆ ಕೇಳುತ್ತದೆ. ಸ್ಟೀರಿಯೋದಲ್ಲಿ ಟೈಮ್ ಅಲೈನ್‌ಮೆಂಟ್ (ಒಂದೊಂದು ಸ್ಪೀಕರಿನ ಸದ್ದನ್ನು ಬೇಕಾದಷ್ಟು ತಡಮಾಡುವ ಸೆಟ್ಟಿಂಗ್) ಇದ್ದರೆ ಬಲ ಸ್ಪೀಕರನ್ನು ಅಷ್ಟೇ ತಡಮಾಡಿ.

ನಾನು ಪರೀಕ್ಷೆಗೆ ಹಾಕುವುದು ನಮ್ಮ ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ. ದನಿ ಡ್ಯಾಶ್‌ಬೋರ್ಡ್ ನಡುವಿನಿಂದ ಬರಬೇಕು. ಲಿಂಗಸುಗೂರು ರಸ್ತೆಯಲ್ಲಿ ಎಸಿ ಜೋರಾಗಿಟ್ಟು ಓಡಿಸುವಾಗ ಈ ಸೂಕ್ಷ್ಮವೆಲ್ಲ ಅರ್ಧ ಮುಳುಗುತ್ತದೆ, ಅದು ಬೇರೆ ಮಾತು. ಅದಕ್ಕೇ ನಾನು ಬೇವಿನ ನೆರಳಲ್ಲಿ ಗಾಡಿ ನಿಲ್ಲಿಸಿ ಕೇಳುತ್ತೇನೆ.