ಹೊಸ ಒಡಂಬಡಿಕೆ ಬಂದ ಮೇಲೆ ಯೆಹೂದ್ಯರ ಜೊತೆಗಿನ ಒಡಂಬಡಿಕೆ ರದ್ದಾಯಿತಾ?

ನೀವು ಕೇಳಿದ್ದು ಇಷ್ಟು. ಸತ್ಯವೇದದ ಇಬ್ರಿಯರಿಗೆ ಬರೆದ ಪತ್ರಿಕೆಯ 8:13ರಲ್ಲಿ ಮೊದಲನೆಯ ಒಡಂಬಡಿಕೆ, ಅಂದರೆ ದೇವರು ಮಾಡಿಕೊಂಡ ಒಪ್ಪಂದ, ಹಳೆಯದಾಯಿತು, ಇನ್ನೇನು ಅಳಿದುಹೋಗಲಿದೆ ಅಂತ ಇದೆ. ಹಾಗಾದರೆ ಯೆಹೂದ್ಯರಿಗೂ ದೇವರಿಗೂ ಇದ್ದ ಸಂಬಂಧ ಮುಗಿಯಿತಾ? ನಿಮ್ಮ ಸಭೆಯಲ್ಲಿ ಒಬ್ಬರು "ಈಗ ಕ್ರೈಸ್ತ ಸಭೆಯೇ ನಿಜವಾದ ಇಸ್ರಾಯೇಲ್" ಅಂತಾರೆ. ಇನ್ನೊಬ್ಬರು "ಇಸ್ರಾಯೇಲಿನ ವಿರುದ್ಧ ಒಂದು ಮಾತಾಡಿದರೂ ಶಾಪ ತಟ್ಟುತ್ತೆ" ಅಂತಾರೆ. ಯಾರು ಸರಿ?

ಇಬ್ಬರೂ ಸರಿಯಿಲ್ಲ ಅಂತ ನನಗೆ ಅನ್ನಿಸುತ್ತದೆ. ದೇವರು ಯೆಹೂದ್ಯರಿಗೆ ಕೊಟ್ಟ ಮಾತನ್ನು ವಾಪಸ್ ತೆಗೆದುಕೊಂಡಿಲ್ಲ. ನಾನು ಪಾಸ್ಟರ್ ಅಲ್ಲ, ತುಂಬಾ ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿದವನು. ಆದರೆ ಈ ಪ್ರಶ್ನೆ ಚಿಕ್ಕಂದಿನಿಂದ ನನ್ನ ಜೊತೆಗೇ ಇದೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನನಗೆ ಒಂಬತ್ತೋ ಹತ್ತೋ ವರ್ಷ. ಶುಭ ಶುಕ್ರವಾರದ ನಾಟಕದಲ್ಲಿ ನನ್ನದು ಯೆಹೂದ್ಯರ ಗುಂಪಿನಲ್ಲಿ ಒಂದು ಪಾತ್ರ. ಮನೆಯ ಟವೆಲ್ ತಲೆಗೆ ಕಟ್ಟಿಕೊಂಡು "ಶಿಲುಬೆಗೆ ಹಾಕಿಸು, ಶಿಲುಬೆಗೆ ಹಾಕಿಸು" ಅಂತ ಕೂಗಬೇಕು. ಮುಖದಲ್ಲಿ ಸಿಟ್ಟು ಕಾಣಬೇಕು ಅಂತ ಕಲಿಸುವವರು ಹೇಳಿಕೊಟ್ಟಿದ್ದರು. ಯೇಸುಸ್ವಾಮಿಯ ಪಾತ್ರದ ಹುಡುಗನಿಗೆ ಮಾತ್ರ ಟವೆಲ್ ಇರಲಿಲ್ಲ, ಬಿಳಿ ನಿಲುವಂಗಿ. ಮರಿಯಳೂ ಪೇತ್ರನೂ ನಮ್ಮ ಗುಂಪಿಗೆ ಸೇರಿದವರಲ್ಲ ಅಂತಲೇ ನಾವೆಲ್ಲ ತಿಳಿದಿದ್ದೆವು. ಯೇಸುಸ್ವಾಮಿಯೂ ಯೆಹೂದ್ಯರೇ, ಎಂಟನೇ ದಿನ ಸುನ್ನತಿಯಾದವರೇ, ಸಬ್ಬತ್ ದಿನ ಸಭಾಮಂದಿರಕ್ಕೆ ಹೋಗುತ್ತಿದ್ದವರೇ ಅನ್ನುವುದು ನನ್ನ ತಲೆಗೆ ಹೋಗಿದ್ದು ಪಿಯುಸಿ ಓದುವಾಗ, ಒಬ್ಬನೇ ಕೂತು ಲೂಕನ ಸುವಾರ್ತೆ ಓದಿದ ಮೇಲೆ. ಬೇಜಾರಾಯಿತು. ಒಬ್ಬ ಯೆಹೂದ್ಯನನ್ನೂ ಕಣ್ಣಾರೆ ನೋಡದ ಊರಿನಲ್ಲಿ ನಾವು ಯೆಹೂದ್ಯರ ಮೇಲೆ ಸಿಟ್ಟು ಮಾಡುವುದನ್ನು ಕಲಿತಿದ್ದೆವು.

ಈಗ ನಿಮ್ಮ ವಚನಕ್ಕೆ ಬರೋಣ. ಮೊದಲು ಒಂದು ಗೊಂದಲ ಬಿಡಿಸಬೇಕು. "ಹಳೆ ಒಡಂಬಡಿಕೆ" ಅಂದರೆ ನಮಗೆ ಸತ್ಯವೇದದ ಮೊದಲ ದಪ್ಪ ಭಾಗ. ಅದೇ ಹೆಸರಿನಿಂದ ದೇವರು ಇಸ್ರಾಯೇಲಿನ ಜೊತೆ ಮಾಡಿಕೊಂಡ ಒಪ್ಪಂದವನ್ನೂ ಕರೆಯುತ್ತೇವೆ. ಪುಸ್ತಕಕ್ಕೂ ಒಪ್ಪಂದಕ್ಕೂ ಒಂದೇ ಹೆಸರು. ಸಾಲದ್ದಕ್ಕೆ ಆ ಪುಸ್ತಕದಲ್ಲಿರುವುದು ಒಂದೇ ಒಪ್ಪಂದವೂ ಅಲ್ಲ. ನೋಹನ ಜೊತೆ ಒಂದು, ಅಬ್ರಹಾಮನ ಜೊತೆ ಒಂದು, ಸೀನಾಯಿ ಬೆಟ್ಟದಲ್ಲಿ ಮೋಶೆಯ ಮೂಲಕ ಒಂದು, ದಾವೀದನ ಜೊತೆ ಒಂದು. ಗಲಾತ್ಯದವರಿಗೆ ಪತ್ರಿಕೆ ಬರೆಯುವಾಗ ಅಪೊಸ್ತಲ ಪೌಲ ಇವುಗಳನ್ನು ಬೇರೆ ಬೇರೆಯಾಗಿಯೇ ನೋಡುತ್ತಾನೆ. ಅಬ್ರಹಾಮನಿಗೆ ಕೊಟ್ಟ ಮಾತನ್ನು, 430 ವರ್ಷ ಆದಮೇಲೆ ಸೀನಾಯಿಯಲ್ಲಿ ಬಂದ ಧರ್ಮಶಾಸ್ತ್ರ ರದ್ದು ಮಾಡಲಾರದು ಅಂತಾನೆ. ಹಾಗಾಗಿ "ಹಳೆಯದು ಹೋಯಿತು" ಅಂತ ಯಾರಾದರೂ ಹೇಳಿದರೆ ಯಾವ ಹಳೆಯದು ಅಂತ ಕೇಳಲೇಬೇಕು.

ಇಬ್ರಿಯರಿಗೆ ಬರೆದವರು ಮಾತಾಡುತ್ತಿರುವುದು ಸೀನಾಯಿಯ ಒಡಂಬಡಿಕೆಯ ಬಗ್ಗೆ. ಅದರಲ್ಲೂ ಯಾಜಕರು, ಆರಾಧನೆಯ ಗುಡಾರ, ವರ್ಷ ವರ್ಷ ಕೊಡುತ್ತಿದ್ದ ಬಲಿಗಳ ಬಗ್ಗೆ. 7ರಿಂದ 10ನೇ ಅಧ್ಯಾಯದವರೆಗೆ ಒಟ್ಟಿಗೆ ಓದಿದರೆ ಇದು ಸ್ಪಷ್ಟವಾಗುತ್ತದೆ. ಕ್ರಿಸ್ತನೇ ಮಹಾಯಾಜಕ, ಬಲಿಯೂ ಆತನೇ, ಅದಕ್ಕೇ ಆ ಹಳೆಯ ಏರ್ಪಾಡಿನ ಕೆಲಸ ಮುಗಿಯುತ್ತಾ ಬಂತು ಅಂತ ಅವರ ವಾದ. ಇದನ್ನು ತೆಳು ಮಾಡಿ ಹೇಳಬಾರದು, ಆ ಪತ್ರಿಕೆ ಅದನ್ನು ಗಟ್ಟಿಯಾಗಿಯೇ ಹೇಳುತ್ತದೆ. ಆದರೆ "ಯೆಹೂದ್ಯ ಜನರನ್ನು ದೇವರು ಬಿಟ್ಟುಬಿಟ್ಟ" ಅನ್ನುವ ಮಾತು ಅಲ್ಲಿ ಎಲ್ಲೂ ಇಲ್ಲ.

ಇನ್ನೊಂದು ವಿಷಯ. ಆ 8ನೇ ಅಧ್ಯಾಯದ ಹೆಚ್ಚಿನ ಭಾಗ ಪ್ರವಾದಿ ಯೆರೆಮೀಯನ ಪುಸ್ತಕದ 31ನೇ ಅಧ್ಯಾಯದಿಂದ ತೆಗೆದದ್ದು. ಹೊಸ ಒಡಂಬಡಿಕೆಯ ಮಾತು ಹುಟ್ಟಿದ್ದೇ ಅಲ್ಲಿ. ಯಾರ ಜೊತೆ ಆ ಹೊಸ ಒಡಂಬಡಿಕೆ? ಇಸ್ರಾಯೇಲ್ ವಂಶ ಮತ್ತು ಯೆಹೂದ ವಂಶದ ಜೊತೆ. ಬೇರೆ ಯಾರ ಹೆಸರೂ ಇಲ್ಲ. ನಾವು ಸಾಮಾನ್ಯವಾಗಿ 34ನೇ ವಚನಕ್ಕೆ ಪುಸ್ತಕ ಮುಚ್ಚಿಬಿಡುತ್ತೇವೆ. ಅದರ ಮುಂದಿನ ಮೂರು ವಚನ ಓದಿ ನೋಡಿ. ಹಗಲಿಗೆ ಸೂರ್ಯ, ರಾತ್ರಿಗೆ ಚಂದ್ರ ಮತ್ತು ನಕ್ಷತ್ರ ಅನ್ನುವ ಈ ಕಟ್ಟಳೆ ತಪ್ಪಿಹೋದರೆ ಮಾತ್ರ ಇಸ್ರಾಯೇಲ್ ನನ್ನ ಮುಂದೆ ಜನಾಂಗವಾಗಿ ಇರದೆ ಹೋದೀತು ಅಂತ ಕರ್ತನು ಹೇಳುತ್ತಾನೆ. ಹೊಸ ಒಡಂಬಡಿಕೆಯ ಮಾತು ಕೊಟ್ಟ ಉಸಿರಿನಲ್ಲೇ ಈ ಮಾತೂ ಬಂದಿದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡೋದು ಹೇಗೆ ಸರಿ?

ಪೌಲ ಇದನ್ನೇ ರೋಮಾಪುರದವರಿಗೆ ಬರೆದ ಪತ್ರಿಕೆಯ 9ರಿಂದ 11ನೇ ಅಧ್ಯಾಯದಲ್ಲಿ ಹಿಡಿದುಕೊಂಡು ಕೂರುತ್ತಾನೆ. ಆತನೂ ಯೆಹೂದ್ಯನೇ, ಹಾಗಾಗಿ ಆತನಿಗೆ ಇದು ಬರೀ ವಾದವಲ್ಲ, ಒಡಹುಟ್ಟಿದವರ ವಿಷಯ. ತನ್ನ ಜನರಿಗೋಸ್ಕರ ತಾನೇ ಶಾಪಗ್ರಸ್ತನಾಗಿ ಕ್ರಿಸ್ತನಿಂದ ದೂರವಾದರೂ ಆದೀತು ಅನ್ನುವಷ್ಟು ಸಂಕಟ. ಅಲ್ಲಿ ಆತ ಕೊಡುವ ಚಿತ್ರ ಆಲಿವ್ ಮರದ ಕಸಿ. ನಮ್ಮ ಹಳೆಯ ಅನುವಾದದಲ್ಲಿ ಎಣ್ಣೇಮರ ಅಂತ ಇರುವುದು ಇದೇ.

ಈ ಕಸಿ ನನಗೆ ಅರ್ಥವಾಗಿದ್ದು ಶ್ರೀನಿವಾಸಪುರದ ಕಡೆ ನಮ್ಮ ಮಾವನ ಮಾವಿನ ತೋಟದಲ್ಲಿ. ನಾಟಿ ಮಾವಿನ ವಾಟೆ ಊರಿ ಸಸಿ ಮಾಡುತ್ತಾರೆ. ಕಾಂಡ ಪೆನ್ಸಿಲ್ ದಪ್ಪ ಆದಾಗ ತುದಿ ಕತ್ತರಿಸಿ, ನಡುವೆ ಸೀಳುತ್ತಾರೆ. ಬಾದಾಮಿ ಮಾವಿನ ಮರದಿಂದ ತಂದ ಕಡ್ಡಿಯನ್ನು ಬೆಣೆಯ ಹಾಗೆ ಕೆತ್ತಿ ಆ ಸೀಳಿನೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತುತ್ತಾರೆ. ಬುಡ ನಾಟಿ, ತುದಿ ಜಾತಿ. ಆಮೇಲೆ ಕಟ್ಟಿನ ಕೆಳಗೆ ಬುಡದಿಂದ ಚಿಗುರು ಬಂದರೆ ಮಾವ ತಕ್ಷಣ ಚಿವುಟಿ ಹಾಕುತ್ತಾರೆ. ಅದನ್ನು ಬಿಟ್ಟರೆ ಕಸಿ ಸೊರಗುತ್ತೆ.

ಪೌಲನ ಕಸಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಬುಡ ಒಳ್ಳೆಯ ಜಾತಿಯದು. ಕಟ್ಟಿರುವ ಕೊಂಬೆ ಕಾಡಿನದು. ಆ ಕಾಡುಕೊಂಬೆ ಅಂದರೆ ನಾವು, ಯೆಹೂದ್ಯರಲ್ಲದ ಅನ್ಯಜನರು. ಇದು ಸ್ವಭಾವಕ್ಕೆ ವಿರುದ್ಧ ಅಂತ ಪೌಲನೇ 24ನೇ ವಚನದಲ್ಲಿ ಹೇಳುತ್ತಾನೆ. ಕೆಲವು ಸ್ವಂತ ಕೊಂಬೆಗಳು ನಂಬಿಕೆಯಿಲ್ಲದೆ ಮುರಿದುಬಿದ್ದವು ಅಂತಲೂ ಹೇಳುತ್ತಾನೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವುಗಳನ್ನು ಮತ್ತೆ ಕಸಿಕಟ್ಟುವ ಶಕ್ತಿ ದೇವರಿಗಿದೆ ಅನ್ನುತ್ತಾನೆ. ನಮಗೆ ಹೇಳುವುದು ಒಂದೇ: ಜಂಬ ಪಡಬೇಡ, ಬೇರನ್ನು ಹೊತ್ತಿರುವುದು ನೀನಲ್ಲ, ಬೇರೇ ನಿನ್ನನ್ನು ಹೊತ್ತಿದೆ. ದೇವರು ತನ್ನ ಜನರನ್ನು ತಳ್ಳಿಬಿಟ್ಟನೋ ಅಂತ ತಾನೇ ಕೇಳಿ, ಎಂದಿಗೂ ಇಲ್ಲ ಅಂತ ತಾನೇ ಉತ್ತರ ಕೊಡುತ್ತಾನೆ. 29ನೇ ವಚನದಲ್ಲಿ, ದೇವರು ಕೊಟ್ಟ ವರಗಳನ್ನೂ ಕರೆಯನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಅನ್ನುತ್ತಾನೆ.

ಮಾವ ಚಿಗುರು ಚಿವುಟುವುದನ್ನು ನೋಡುತ್ತಿದ್ದಾಗ ನನಗೆ ಎದೆಗೆ ತಟ್ಟಿದ್ದು ಇದು. ಸಭೆ ನೂರಾರು ವರ್ಷ ಮಾಡಿದ್ದು ಇದನ್ನೇ. ಪೌಲನ ಆ ಮರದ ಬುಡದ ಚಿಗುರನ್ನು, ಅಂದರೆ ಯೆಹೂದ್ಯರನ್ನು, ಚಿವುಟಬೇಕಾದ ಚಿಗುರು ಅಂದುಕೊಂಡಿತು.

ಹೇಗೆ ಅಂತ ಕೇಳಿದರೆ ಚರಿತ್ರೆಗೆ ಹೋಗಬೇಕು. 2ನೇ ಶತಮಾನದಲ್ಲಿ ಮಾರ್ಸಿಯನ್ ಅನ್ನುವವನು ಹಳೆ ಒಡಂಬಡಿಕೆಯ ಪುಸ್ತಕವೇ ಬೇಡ, ಆ ದೇವರೇ ಬೇರೆ ಅಂದ. ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಒಳ್ಳೆಯದೇ ಆಯಿತು. ಆದರೆ ಅದೇ ಶತಮಾನದಲ್ಲಿ ಜಸ್ಟಿನ್ ಮಾರ್ಟರ್ ಎಂಬ ಕ್ರೈಸ್ತ ಬರಹಗಾರರು ನಿಜವಾದ ಇಸ್ರಾಯೇಲ್ ನಾವೇ ಅಂತ ಬರೆದರು. ಪುಸ್ತಕ ಉಳಿಯಿತು, ಅದರ ಜನರನ್ನು ಮಾತ್ರ ಪಕ್ಕಕ್ಕೆ ತಳ್ಳಿದರು. 386-87ರಲ್ಲಿ ಅಂತಿಯೋಕ್ಯದಲ್ಲಿ ಯೋಹಾನ ಕ್ರಿಸೊಸ್ತೊಮ್ ಎಂಬ ಪಾದ್ರಿಯವರು ಯೆಹೂದ್ಯರ ವಿರುದ್ಧ ಎಂಟು ಪ್ರಸಂಗ ಮಾಡಿದರು. ಅವರ ಸಭೆಯ ಜನ ಯೆಹೂದ್ಯರ ಹಬ್ಬಗಳಿಗೆ ಪ್ರೀತಿಯಿಂದ ಹೋಗುತ್ತಿದ್ದರು, ಅದು ಅವರಿಗೆ ಸಹಿಸಲಿಲ್ಲ. ಆ ಪ್ರಸಂಗಗಳ ಭಾಷೆಯನ್ನು ಇಲ್ಲಿ ಬರೆಯುವುದಕ್ಕೆ ನನಗೆ ಮನಸ್ಸಿಲ್ಲ. 1543ರಲ್ಲಿ ಪ್ರಾಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ ಅವರು ಯೆಹೂದ್ಯರ ಸಭಾಮಂದಿರಗಳನ್ನು ಸುಡಬೇಕು ಅಂತಲೇ ಬರೆದರು. ಅಮೆರಿಕದ ಇವ್ಯಾಂಜೆಲಿಕಲ್ ಲೂಥರನ್ ಸಭೆ ಆ ಬರಹವನ್ನು ಬಹಿರಂಗವಾಗಿ ತಿರಸ್ಕರಿಸಿದ್ದು 1994ರಲ್ಲಿ.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಕೆಥೆಡ್ರಲ್‌ನ ದಕ್ಷಿಣದ ಬಾಗಿಲ ಬಳಿ ಇಬ್ಬರು ಹೆಂಗಸರ ಪ್ರತಿಮೆ ಇವೆ. ಸುಮಾರು 1230ರ ಕೆಲಸ. ಮೂಲ ಪ್ರತಿಮೆಗಳು ಈಗ ಮ್ಯೂಸಿಯಂನಲ್ಲಿವೆ, ಬಾಗಿಲಲ್ಲಿರುವುದು ನಕಲು. ಫೋಟೋ ಸಿಗುತ್ತದೆ, ನೋಡಿ. ಒಬ್ಬಳು ಸಭೆ: ತಲೆಗೆ ಕಿರೀಟ, ಕೈಯಲ್ಲಿ ಶಿಲುಬೆ, ನೆಟ್ಟ ನೋಟ. ಇನ್ನೊಬ್ಬಳು ಯೆಹೂದ್ಯರ ಸಭಾಮಂದಿರ: ಕಣ್ಣಿಗೆ ಬಟ್ಟೆ ಕಟ್ಟಿದೆ, ಈಟಿ ಮುರಿದಿದೆ, ತಲೆ ಬಾಗಿದೆ, ಕೈಯಿಂದ ಧರ್ಮಶಾಸ್ತ್ರದ ಹಲಗೆ ಜಾರುತ್ತಿದೆ. ಓದು ಬರಹ ಬಾರದ ಜನರಿಗೂ ನೋಡಿದ ಕೂಡಲೇ ಪಾಠ ತಿಳಿಯುತ್ತಿತ್ತು. 2015ರಲ್ಲಿ ಫಿಲಡೆಲ್ಫಿಯಾದ ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯದಲ್ಲಿ ಇದೇ ಇಬ್ಬರನ್ನು ಹೊಸದಾಗಿ ಮಾಡಿ ನಿಲ್ಲಿಸಿದರು. ಅಕ್ಕಪಕ್ಕ ಕೂತು, ತಮ್ಮ ತಮ್ಮ ಪುಸ್ತಕ ಹಿಡಿದು, ಒಬ್ಬರು ಇನ್ನೊಬ್ಬರ ಪುಸ್ತಕ ನೋಡುತ್ತಿದ್ದಾರೆ.

ಈ ಎರಡು ಶಿಲ್ಪಗಳ ನಡುವೆ ಒಬ್ಬ ಮನುಷ್ಯನ ಹೆಸರು ಹೇಳದೆ ಇರಲಾರೆ. ಜೂಲ್ ಇಸಾಕ್, ಫ್ರಾನ್ಸಿನ ಇತಿಹಾಸಕಾರರು, ಯೆಹೂದ್ಯರು. ಅವರ ಹೆಂಡತಿ ಮತ್ತು ಮಗಳನ್ನು ನಾಝಿಗಳು ಕೊಂದರು. ಆ ದುಃಖದಲ್ಲೇ ಕೂತು ಅವರು ಸುವಾರ್ತೆಗಳನ್ನೂ ಸಭೆಯ ಬೋಧನೆಯನ್ನೂ ಪಕ್ಕಪಕ್ಕ ಇಟ್ಟು ಓದಿದರು. ಈ ತಿರಸ್ಕಾರ ಸುವಾರ್ತೆಯಲ್ಲಿಲ್ಲ, ಆಮೇಲೆ ಕಲಿಸಿದ್ದು ಅಂತ ತೋರಿಸಿದರು. 1960ರ ಜೂನ್ 13ರಂದು, 80 ದಾಟಿದ ವಯಸ್ಸಿನಲ್ಲಿ, ಪೋಪ್ 23ನೇ ಜಾನ್ ಅವರನ್ನು ಕಂಡು ಇದನ್ನು ತಿದ್ದಿ ಅಂತ ಕೇಳಿಕೊಂಡರು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ಹಳಿಯುತ್ತಿದ್ದ ಪದವನ್ನು ಅದೇ ಪೋಪ್ 1959ರಲ್ಲೇ ತೆಗೆಸಿದ್ದರು. ಹಿಂದೆ ಆ ದಿನ ಬೇರೆ ಎಲ್ಲ ಪ್ರಾರ್ಥನೆಗೂ ಮೊಣಕಾಲೂರುತ್ತಿದ್ದ ಜನ ಯೆಹೂದ್ಯರಿಗಾಗಿ ಪ್ರಾರ್ಥಿಸುವಾಗ ಮಾತ್ರ ಮೊಣಕಾಲೂರುತ್ತಿರಲಿಲ್ಲ. ಅದು ಬದಲಾಗಿದ್ದೇ 1955ರಲ್ಲಿ.

ಇಸಾಕ್ 1963ರಲ್ಲಿ ತೀರಿಕೊಂಡರು. 1965ರ ಅಕ್ಟೋಬರ್ 28ರಂದು ಕ್ಯಾಥೊಲಿಕ್ ಬಿಷಪ್ಪರ ವ್ಯಾಟಿಕನ್ ಮಹಾಸಭೆ "ನೋಸ್ತ್ರಾ ಎತಾತೆ" ಎಂಬ ಘೋಷಣೆಯನ್ನು ಒಪ್ಪಿತು. ಪರವಾಗಿ 2221 ಮತ, ವಿರುದ್ಧ 88. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದು ಅಂತ ಅದು ಹೇಳಿತು. ಆಧಾರವಾಗಿ ತೆಗೆದುಕೊಂಡಿದ್ದು ಅದೇ ರೋಮಾ 11. 1980ರಲ್ಲಿ ಜರ್ಮನಿಯ ಮೈಂಝ್ ಊರಿನಲ್ಲಿ ಯೆಹೂದ್ಯರ ಮುಂದೆ ಮಾತಾಡುತ್ತಾ ಪೋಪ್ 2ನೇ ಜಾನ್ ಪಾಲ್, ದೇವರು ಎಂದೂ ರದ್ದು ಮಾಡದ ಹಳೆಯ ಒಡಂಬಡಿಕೆ ಅಂದರು.

ಹಾಗಂತ ಚರ್ಚೆ ಮುಗಿದಿಲ್ಲ. ರದ್ದಾಗಿಲ್ಲ ಅಂದರೆ ಯೆಹೂದ್ಯರಿಗೆ ಯೇಸು ಬೇಡವಾ? ಫ್ರಾನ್ಝ್ ರೋಸೆನ್‌ಝ್ವೈಗ್ ಎಂಬ ಯೆಹೂದ್ಯ ಚಿಂತಕರು ಕ್ರೈಸ್ತರಾಗಲು ಹೊರಟು, ಮನಸ್ಸು ಬದಲಿಸಿ, 1913ರಲ್ಲಿ ಒಂದು ಪತ್ರ ಬರೆದರು. ಯೇಸುವಿನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬರಲಾರರು, ನಿಜ. ಆದರೆ ಈಗಾಗಲೇ ತಂದೆಯ ಬಳಿ ಇರುವವರು ಬರಬೇಕಾಗಿಲ್ಲ ಅನ್ನುವುದು ಅದರ ಸಾರ. ಎರಡು ದಾರಿಯ ವಾದ ಅಂತ ಇದನ್ನು ಮುಂದೆ ಬೆಳೆಸಿದರು. ಅಮೆರಿಕದ ಕ್ಯಾಥೊಲಿಕ್ ದೇವಶಾಸ್ತ್ರಜ್ಞ ಕಾರ್ಡಿನಲ್ ಏವರಿ ಡಲ್ಲಸ್ ಅವರು ನೀವು ಕೇಳಿದ ಇಬ್ರಿಯ ಪತ್ರಿಕೆಯನ್ನೇ ಹಿಡಿದು, ಅಷ್ಟು ಸುಲಭವಲ್ಲ ಅಂದರು. ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರು ತಮ್ಮ ಉಪದೇಶದ ಪುಸ್ತಕದಲ್ಲಿ, ಮೋಶೆಯ ಮೂಲಕ ಆದ ಒಡಂಬಡಿಕೆ ಯೆಹೂದ್ಯರಿಗೆ ಶಾಶ್ವತ ಅಂತ ಬರೆದಿದ್ದರು. 2008ರಲ್ಲಿ ಮತ ಹಾಕಿ ಆ ಸಾಲು ತೆಗೆದು, ರೋಮಾ 9ರ ಮಾತುಗಳನ್ನು ಹಾಕಿದರು. 2015ರಲ್ಲಿ ವ್ಯಾಟಿಕನ್ ಆಯೋಗ ಎರಡನ್ನೂ ಹಿಡಿದುಕೊಂಡಿತು: ಸಮಾನಾಂತರವಾದ ಎರಡು ದಾರಿ ಇಲ್ಲ, ಆದರೂ ಯೆಹೂದ್ಯರು ರಕ್ಷಣೆಯ ಹೊರಗಿಲ್ಲ. ಅದು ಹೇಗೆ ಅನ್ನುವುದು ದೇವರ ರಹಸ್ಯ. ಇದು ನುಣುಚಿಕೊಳ್ಳುವ ಮಾತು ಅಂತ ಕೆಲವರು ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಪೌಲನೂ 11ನೇ ಅಧ್ಯಾಯವನ್ನು ದೇವರ ಆಳವನ್ನು ಯಾರು ಬಲ್ಲರು ಅಂತಲೇ ಮುಗಿಸುತ್ತಾನೆ.

ನಾನು ಹಿಡಿದಿರುವ ದಾರ ಇಷ್ಟು. ದೇವರು ಅಬ್ರಹಾಮನ ಮಕ್ಕಳಿಗೆ ಕೊಟ್ಟ ಮಾತಿಗೆ ತಪ್ಪಬಲ್ಲನಾದರೆ, ನನಗೆ ಕೊಟ್ಟ ಮಾತನ್ನು ನಾನು ಯಾವ ಧೈರ್ಯದ ಮೇಲೆ ನಂಬಲಿ?

ಇನ್ನು ನಿಮ್ಮ ಸಭೆಯ ಎರಡನೆಯವರ ಮಾತು. ಆದಿಕಾಂಡ 12:3ರಲ್ಲಿ, ನಿನ್ನನ್ನು ಶಪಿಸುವವರನ್ನು ಶಪಿಸುವೆನು ಅಂತ ಅಬ್ರಹಾಮನಿಗೆ ಹೇಳಿದ್ದು ನಿಜ. ಇಸ್ರಾಯೇಲ್ ಬೇರೆ, ಸಭೆ ಬೇರೆ ಅಂತ ಎರಡು ಲೆಕ್ಕ ಇಡುವ ಬೋಧನೆ 19ನೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರಿಂದ ಬಲ ಪಡೆದು, 1909ರ ಸ್ಕೋಫೀಲ್ಡ್ ಬೈಬಲ್‌ನ ಟಿಪ್ಪಣಿಗಳ ಮೂಲಕ ಎಲ್ಲ ಕಡೆ ಹರಡಿತು. ಆ ಬೋಧನೆ ಕೇಳಿ ಬೆಳೆದವರು ಆದಿಕಾಂಡದ ಈ ವಚನವನ್ನು ಇವತ್ತಿನ ಒಂದು ಸರ್ಕಾರಕ್ಕೆ ನೇರವಾಗಿ ಅಂಟಿಸುವುದುಂಟು. ಆದರೆ ಇಸ್ರಾಯೇಲಿನ ರಾಜರನ್ನು, ಯಾಜಕರನ್ನು ಮುಖಕ್ಕೆ ಹೊಡೆದ ಹಾಗೆ ಬೈದವರು ಅದೇ ಜನರ ಪ್ರವಾದಿಗಳಾದ ಆಮೋಸ, ಯೆರೆಮೀಯ. ಅವರಿಗೆ ಶಾಪ ತಟ್ಟಿತೇ? ಭೂಮಿಯ ಜನಾಂಗಗಳಲ್ಲಿ ನಿಮ್ಮನ್ನು ಮಾತ್ರ ಬಲ್ಲೆ, ಅದಕ್ಕೇ ನಿಮ್ಮನ್ನು ದಂಡಿಸುವೆ ಅಂತ ಆಮೋಸ 3:2 ಹೇಳುತ್ತದೆ. ಬೇತ್ಲೆಹೇಮಿನಲ್ಲಿ ಇವತ್ತಿಗೂ ಪ್ಯಾಲೆಸ್ತೀನಿ ಕ್ರೈಸ್ತರಿದ್ದಾರೆ. 2009ರಲ್ಲಿ ಅವರ ಮುಖಂಡರು "ಕೈರೋಸ್" ಎಂಬ ಮನವಿಯಲ್ಲಿ, ದೇವರ ಮಾತನ್ನು ನಮ್ಮ ನೆಲ ಕಸಿಯುವುದಕ್ಕೆ ಬಳಸಬೇಡಿ ಅಂತ ಕೇಳಿಕೊಂಡರು. ಯೆಹೂದ್ಯರನ್ನು ಪ್ರೀತಿಸುವುದಕ್ಕೆ ಆ ಅಣ್ಣ ತಮ್ಮಂದಿರ ಮಾತಿಗೆ ಕಿವಿ ಮುಚ್ಚಬೇಕಾಗಿಲ್ಲ.

ಸಭೆಯಲ್ಲಿ ಈ ಮಾತು ಮತ್ತೆ ಬಂದರೆ ಜಗಳಕ್ಕೆ ಹೋಗಬೇಡಿ. ಯೆರೆಮೀಯ 31ನ್ನು 37ರ ತನಕ ಓದಿಸಿ, ಆಮೇಲೆ ರೋಮಾ 9ರಿಂದ 11ನ್ನು ಒಂದೇ ಸಲ ಕೂತು ಓದಿಸಿ. ಸುಮಾರು ಅರ್ಧ ಗಂಟೆ ಸಾಕು. ನಾವು ನಮ್ಮ ಮಕ್ಕಳ ಜೊತೆ ಶುಭ ಶುಕ್ರವಾರದ ಹಿಂದಿನ ಭಾನುವಾರ ಇದನ್ನೇ ಮಾಡುತ್ತೇವೆ. ನಾಟಕ ಈಗಲೂ ಇದೆ. ಟವೆಲ್ ಮಾತ್ರ ಎಲ್ಲರ ತಲೆಗೂ ಕಟ್ಟುತ್ತೇವೆ, ಯೇಸುಸ್ವಾಮಿಯ ಪಾತ್ರದ ಹುಡುಗನಿಗೂ.