ಒಂದೇ ಮರಿ ಹುಟ್ಟಿದೆ, ಹೇಗೆ ಬೆಳೆಸೋದು?

19 ದಿನದ ನಾಯಿಮರಿ, ಜೊತೆಗೆ ಬೇರೆ ಮರಿ ಇಲ್ಲ, ಒಂಟಿ ಅನ್ನಿಸಬಾರದು ಅಂತ ದಿನವಿಡೀ ಮಡಿಲಲ್ಲೇ ಇಟ್ಟುಕೊಂಡಿದ್ದೀನಿ, ಇನ್ನೂ ಎಷ್ಟು ಪ್ರೀತಿ ಕೊಡಬೇಕು ಅಂತ ಬರೆದಿದ್ದೀರಿ. ಓದಿ ಎದೆ ಝಲ್ಲಂದಿತು. ಆರು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ.

ನಮ್ಮದು ಬೆಟಗೇರಿ. ಮನೆಯಲ್ಲಿ ಕುಣಿಮಗ್ಗ ಇದೆ, ಅವ್ವ ಸೀರೆ ನೇಯುತ್ತಾಳೆ. ನಮ್ಮ ನಾಯಿ ಚಂದ್ರಿ ಮಗ್ಗದ ಪಕ್ಕದ ಮೂಲೆಯಲ್ಲೇ ಮರಿ ಹಾಕಿತು. ಐದಾರು ಬರಬಹುದು ಅಂತ ರಾತ್ರಿಯೆಲ್ಲ ಕಾದೆವು. ಬಂದಿದ್ದು ಒಂದೇ. ಬಣ್ಣ ನೋಡಿ ಹೊನ್ನ್ಯಾ ಅಂತ ಕರೆದೆವು.

ಅಷ್ಟೂ ಮೊಲೆ ಅವನೊಬ್ಬನಿಗೇ. ಬೇಕೆಂದಾಗ ಹಾಲು, ಬೇಡವಾದಾಗ ನಿದ್ದೆ. ಮೂರು ವಾರಕ್ಕೆ ಎಷ್ಟು ದಪ್ಪ ಆದ ಅಂದ್ರೆ ಎದ್ದು ನಿಲ್ಲಲು ಆಗಲಿಲ್ಲ. ಹೊಟ್ಟೆ ನೆಲಕ್ಕೆ ಹತ್ತಿ ಹಿಂಗಾಲು ಎರಡೂ ಕಡೆ ಜಾರುತ್ತಿದ್ದವು. ನುಣುಪಾದ ನೆಲದ ಮೇಲೆ ಬಿಡಬೇಡಿ, ಗೋಣಿಚೀಲ ಹಾಸಿ ಅಂತ ಪಶುವೈದ್ಯರು ಹೇಳಿದರು. ಹಾಸಿದೆವು, ಕೆಲ ದಿನದಲ್ಲಿ ನಡೆದ. ನಿಮ್ಮ ಮನೆಯಲ್ಲಿ ಟೈಲ್ಸ್ ಇದ್ದರೆ ನೀವೂ ಈಗಲೇ ಹಾಸಿ. ಹಾಗೇ ತಾಯಿಯ ಮೊಲೆಗಳನ್ನೂ ದಿನಾ ಮುಟ್ಟಿ ನೋಡಿ. ಒಂದೇ ಮರಿ ಎಲ್ಲ ಮೊಲೆ ಕುಡಿಯುವುದಿಲ್ಲ, ಹಾಲು ನಿಂತು ಬಾವು ಬರಬಹುದು. ಗಟ್ಟಿಯಾಗಿ, ಬಿಸಿಯಾಗಿ, ಕೆಂಪಗೆ ಕಂಡರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಇದೆಲ್ಲ ಸರಿ ಮಾಡಬಹುದಾದ ವಿಷಯ. ಸರಿ ಮಾಡಲು ಆಗದ್ದು ನಾನು ಮಾಡಿದ ಒಂದು ತಪ್ಪು. ಅದನ್ನ ಪೂರ್ತಿ ಹೇಳಲೇಬೇಕು.

ನಮ್ಮ ಹಿಂದಿನ ಓಣಿಯ ಕಾಕು ಮನೆಯಲ್ಲಿ ಐದು ಮರಿ ಇದ್ದವು. ಹೊನ್ನ್ಯಾಗಿಂತ ನಾಲ್ಕೈದು ದಿನ ದೊಡ್ಡವು, ಅಷ್ಟೇ. ಕಾಕು ತಾನಾಗಿಯೇ ಕರೆದಳು. "ತಮ್ಮಾ, ನಿನ್ನ ಮರೀನ ಇವುಗಳ ಜೋಡಿ ಬಿಡು. ಕಡಕೊಂಡು ಬಡಕೊಂಡು ತಾನ ಶಾಣ್ಯಾ ಆಗತೈತಿ." ಹೊನ್ನ್ಯಾಗೆ ಆಗ 32 ದಿನ. ಸೂಜಿಯಂಥ ಹಾಲುಹಲ್ಲು ಬಂದಿದ್ದವು. ಕರೆದುಕೊಂಡು ಹೋದೆ. ನೆಲಕ್ಕೆ ಬಿಟ್ಟೆ. ಎರಡು ಮರಿ ಓಡಿ ಬಂದು ಅವನನ್ನ ಉರುಳಿಸಿದವು. ಇನ್ನೊಂದು ಕಿವಿ ಹಿಡಿದು ಎಳೆಯಿತು. ಅವನು ಕಿರುಚಿದ. ಹುಟ್ಟಿದಾಗಿನಿಂದ ಅಂಥ ದನಿ ಕೇಳಿರಲಿಲ್ಲ. ನಾನು ಬಾಗಿ ಎತ್ತಿಕೊಂಡೆ, ಅಂಗಿಯೊಳಗೆ ಮುಚ್ಚಿಕೊಂಡು ಮನೆಗೆ ಬಂದೆ. ಮತ್ತೆ ಕಾಕು ಮನೆಗೆ ಒಯ್ಯಲೇ ಇಲ್ಲ.

ಕೇಳಿದವರಿಗೆ ರೋಗ ಹತ್ತೀತು ಅಂತ ಹೇಳಿದೆ. ಅದು ಸುಳ್ಳು. ಆ ಮರಿಗಳಿಗೆ ಜಂತಿನ ಔಷಧಿ ಕೊಟ್ಟಿದ್ದರು, ಅವುಗಳ ತಾಯಿಗೆ ಲಸಿಕೆ ಆಗಿತ್ತು. ನನಗೆ ಅವನ ಅಳು ನೋಡಲು ಆಗಲಿಲ್ಲ, ಅಷ್ಟೇ.

ಆ ಕಿರುಚಾಟದಲ್ಲೇ ಪಾಠ ಇತ್ತು. ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅನ್ನುತ್ತದೆ, ಆಟ ನಿಲ್ಲುತ್ತದೆ. ಕಚ್ಚಿದ್ದು ಬಿಡುತ್ತದೆ. ಕ್ಷಣ ಬಿಟ್ಟು ಮತ್ತೆ ಆಟ, ಈ ಸಲ ಸ್ವಲ್ಪ ಮೆತ್ತಗೆ. ದಿನಕ್ಕೆ ಹತ್ತಾರು ಸಲ ಹೀಗಾಗುತ್ತದೆ. ನನ್ನ ಹಲ್ಲಿಗೆ ಎಷ್ಟು ಜೋರಿದೆ, ಎಷ್ಟಕ್ಕೆ ನೋವಾಗುತ್ತದೆ ಅನ್ನೋದು ಮರಿಗೆ ತಿಳಿಯುವುದು ಹೀಗೇ. ನಾನು ಎತ್ತಿಕೊಂಡಿದ್ದರಿಂದ ಹೊನ್ನ್ಯಾ ಕಲಿತಿದ್ದು ಒಂದೇ: ಕಿರುಚಿದರೆ ಮೇಲಿಂದ ಕೈ ಬರುತ್ತದೆ.

ಮನೆಯಲ್ಲೂ ಇದನ್ನೇ ಮುಂದುವರಿಸಿದೆ. ಹಾಲು ಕುಡಿಯುವಾಗ ಹಲ್ಲು ತಾಗಿ ಚಂದ್ರಿ ಗುರ್ ಅಂದರೆ ಚಂದ್ರಿಯನ್ನೇ ಬೈದೆ. ಎದ್ದು ಹೋದರೆ ಎಳೆದುಕೊಂಡು ಬಂದು ಮಲಗಿಸಿದೆ. ಉಳಿದಿದ್ದ ಒಬ್ಬಳೇ ಒಬ್ಬ ಗುರುವಿನ ಬಾಯನ್ನೂ ಮುಚ್ಚಿಸಿದೆ. ನನ್ನ ಕೈ ಕಚ್ಚಿದರೆ ನಕ್ಕು ಇನ್ನೊಂದು ಕೈ ಕೊಟ್ಟೆ.

ಏಳು ತಿಂಗಳಿಗೆ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬಂದಿದ್ದವು. ಒಂದು ಮಧ್ಯಾಹ್ನ ಅವನು ಉಣ್ಣುತ್ತಿದ್ದಾಗ ಅವ್ವ ತಟ್ಟೆಯನ್ನ ಸ್ವಲ್ಪ ಆಚೆ ಸರಿಸಿದಳು, ಕಸ ಗುಡಿಸಲು. ಅಲ್ಲಿವರೆಗೆ ಅವನ ಬಾಯಿಂದ ಯಾರೂ ಏನೂ ಕಸಿದಿರಲಿಲ್ಲ, ಒಂದು ಮೊಲೆಯಿಂದ ಕೂಡ ಯಾರೂ ಅವನನ್ನ ತಳ್ಳಿರಲಿಲ್ಲ. ಹೆಬ್ಬೆರಳಿನ ಬುಡಕ್ಕೆ ಕಚ್ಚಿದ. ಬೇರೆ ನಾಯಿಯಾಗಿದ್ದರೆ ಹಲ್ಲು ತಾಗಿಸಿ ಬಿಡುತ್ತಿತ್ತೇನೋ. ಇವನು ಪೂರ್ತಿ ಒಳಗೆ ಇಳಿಸಿದ. 15 ನಿಮಿಷ ನಲ್ಲಿ ನೀರಿನ ಕೆಳಗೆ ಸೋಪು ಹಚ್ಚಿ ತೊಳೆದು ಆಸ್ಪತ್ರೆಗೆ ಓಡಿದೆವು. ಮೊದಲ ದಿನ, 3ನೇ ದಿನ, 7ನೇ ದಿನ, 28ನೇ ದಿನ ಸೂಜಿ. ಅದು ಅವ್ವ ಲಾಳಿ ಓಡಿಸುವ ಕೈ. ಎರಡು ತಿಂಗಳು ಅರ್ಧ ನೇಯ್ದ ಸೀರೆ ಮಗ್ಗದ ಮೇಲೇ ಇತ್ತು. ಅವ್ವ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ.

ಹೊನ್ನ್ಯಾ ಈಗಲೂ ನಮ್ಮಲ್ಲೇ ಇದ್ದಾನೆ. ಉಣ್ಣುವಾಗ ಯಾರೂ ಹತ್ತಿರ ಹೋಗುವುದಿಲ್ಲ. ಉಗುರು ಕತ್ತರಿಸಲು ಬಾಯಿಗೆ ಬಟ್ಟೆ ಕಟ್ಟಬೇಕು. ಒಂಟಿಯಾಗಿ ಹುಟ್ಟಿದ ಮರಿಗಳೆಲ್ಲ ಹೀಗೇ ಆಗುತ್ತವೆ ಅಂತಲ್ಲ. ಇವನು ಹೀಗಾಗಿದ್ದು ನನ್ನಿಂದ.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಎಷ್ಟು ಪ್ರೀತಿ ಕೊಡಬೇಕು ಅಂತ ಕೇಳಿದ್ದೀರಿ. ನಿಮ್ಮ ಮರಿಗೆ ಪ್ರೀತಿ ಕಡಿಮೆ ಬಿದ್ದಿಲ್ಲ. ಅದಕ್ಕೆ ಬೇಕಾಗಿದ್ದು ಅಡ್ಡಿ. ಹಾಲು ಕುಡಿಯುವಾಗ ಮಧ್ಯೆ ಎತ್ತಿ ಅರ್ಧ ನಿಮಿಷ ಹಿಡಿದು ಮತ್ತೆ ಬಿಡಿ. ಒಂದು ಮೊಲೆಯಿಂದ ಇನ್ನೊಂದಕ್ಕೆ ಸರಿಸಿ. ಹಾಸಿಗೆಯಲ್ಲಿ ಬಟ್ಟೆಯ ಉಂಡೆಗಳನ್ನ ಇಡಿ, ದಾಟಿಕೊಂಡೇ ತಾಯಿ ಹತ್ತಿರ ಹೋಗಲಿ. ಪಂಜ, ಕಿವಿ, ಬಾಯಿ ದಿನಾ ಮುಟ್ಟಿ. ಹಲ್ಲು ಬಂದ ಮೇಲೆ ಜೋರಾಗಿ ಕಚ್ಚಿದ ತಕ್ಷಣ ಸುಮ್ನೆ ಎದ್ದು ಹೋಗಿ. ಬೈಯಬೇಡಿ, ಹೊಡೆಯಬೇಡಿ. ಸ್ವಲ್ಪ ಹೊತ್ತು ಬಿಟ್ಟು ಬಂದು ಮತ್ತೆ ಆಡಿ. ತಟ್ಟೆಯಲ್ಲಿ ಉಣ್ಣಲು ಶುರು ಮಾಡಿದಾಗಿನಿಂದಲೇ ತಟ್ಟೆಗೆ ಕೈ ಹಾಕಿ, ಆದರೆ ಕಸಿಯಲು ಅಲ್ಲ, ಇನ್ನೊಂದು ತುತ್ತು ಒಳ್ಳೆಯದನ್ನ ಹಾಕಲು. ಚಂದ್ರಿಗೆ ನಾನು ಮಾಡಿದ್ದನ್ನ ನೀವು ನಿಮ್ಮ ನಾಯಿಗೆ ಮಾಡಬೇಡಿ. ಅದು ಗುರ್ ಅಂದರೆ ಅನ್ನಲಿ.

ಸಂಬಂಧಿಕರು ತಿಂಗಳಿಗೇ ಮರಿ ಕೇಳಿದ್ದಾರೆ ಅಂದಿರಲ್ಲ, ಖಂಡಿತ ಕೊಡಬೇಡಿ. ಕಡಿಮೆ ಅಂದ್ರೂ 8 ವಾರ ತಾಯಿ ಹತ್ತಿರ ಇರಲಿ. ಅವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಇವೆಲ್ಲಕ್ಕಿಂತ ಮೊದಲು ಅದೇ ವಯಸ್ಸಿನ ಮರಿಗಳು ಎಲ್ಲಿವೆ ಅಂತ ಹುಡುಕಿ. ನಿಮ್ಮ ಹಾವೇರಿಯಲ್ಲಿ ಹಾಲು ಹಾಕುವವರನ್ನ ಕೇಳಿ, ಅವರು ಎಲ್ಲ ಓಣಿ ತಿರುಗಿರುತ್ತಾರೆ. ಪಶು ಆಸ್ಪತ್ರೆಯಲ್ಲೂ ವಿಚಾರಿಸಿ. ಆ ಮರಿಗಳಿಗೆ ವಾಂತಿ-ಭೇದಿ ಇಲ್ಲ, ತಾಯಿಗೆ ಲಸಿಕೆ ಆಗಿದೆ ಅಂತ ಖಾತ್ರಿ ಮಾಡಿಕೊಂಡು, ಡಾಕ್ಟರನ್ನೂ ಒಂದು ಮಾತು ಕೇಳಿ. ಹಲ್ಲು ಬರುವ ಹೊತ್ತಿಗೆ ದಿನಾ ಅರ್ಧ ಗಂಟೆ ಅವುಗಳ ಜೊತೆ ಬಿಡಿ. ನಿಮ್ಮ ಮರಿ ಕಿರುಚುತ್ತದೆ. ಆಗ ಕೈ ಕಟ್ಟಿಕೊಂಡು ನಿಂತು ಹತ್ತರವರೆಗೆ ಎಣಿಸಿ. ರಕ್ತ ಬಂದರೆ, ಇಲ್ಲ ಎಲ್ಲವೂ ಸೇರಿ ಮುತ್ತಿಕೊಂಡು ಬಿಡದೇ ಇದ್ದರೆ, ಆಗ ಮಾತ್ರ ಎತ್ತಿಕೊಳ್ಳಿ. ಮರುದಿನ ಮತ್ತೆ ಕರೆದುಕೊಂಡು ಹೋಗಿ.